ಬಾಡಿಗೆಯಲ್ಲಿ ಐನೂರು ಕಡಿಮೆ

48ನೇ ವಯಸ್ಸಿಗೆ ನಾನು ಮೊದಲ ಸಲ ನನಗೊಬ್ಬಳಿಗೇ ಅಂತ ಒಂದು ಬಾಡಿಗೆ ಕೋಣೆ ಹುಡುಕಿದೆ. ತವರಿನಿಂದ ನೆಟ್ಟಗೆ ಗಂಡನ ಮನೆಗೆ ಬಂದವಳು ನಾನು, ಹಾಸ್ಟೆಲ್ ಕೂಡ ಕಂಡವಳಲ್ಲ. 2023ರ ಸೆಪ್ಟೆಂಬರಿನಲ್ಲಿ ಕಚೇರಿಯಲ್ಲಿ ಬಡ್ತಿ ಬಂತು. ಅದರ ಬೆನ್ನಿಗೇ ಧಾರವಾಡದಿಂದ ಮುಧೋಳಕ್ಕೆ ವರ್ಗಾವಣೆಯ ಆದೇಶವೂ ಬಂತು. ಮಗ ಪಿಯುಸಿ ಎರಡನೇ ವರ್ಷದಲ್ಲಿದ್ದ. "ಬಡ್ತಿ ಬ್ಯಾಡಂತ ಬರದು ಕೊಡು" ಅಂತ ಮನೆಯವರು ಅನ್ನಬಹುದು ಅಂದುಕೊಂಡಿದ್ದೆ. ಅನ್ನಲಿಲ್ಲ. "ಎರಡು ವರ್ಷದ ಮಾತು. ಶನಿವಾರ ಬಾ, ಸೋಮವಾರ ನಸುಕಿನ್ಯಾಗ ಹೋಗು. ನಾವು ಹೆಂಗೋ ಮಾಡ್ಕೊಂತೀವಿ" ಅಂದರು.

ಧಾರವಾಡದಿಂದ ಸವದತ್ತಿ, ಯರಗಟ್ಟಿ, ಲೋಕಾಪುರ ದಾಟಿ ಮುಧೋಳ. ಬಸ್ಸಿನಲ್ಲಿ ಮೂರು ತಾಸಿನ ಮೇಲೆ. ರೈಲು ಇಲ್ಲ. ದಿನಾ ಓಡಾಡೋ ದಾರಿಯಲ್ಲ. ಇಡೀ ಮನೆ ಹಿಡಿದರೆ ಬಾಡಿಗೆ ಅಷ್ಟೇ ಅಲ್ಲ. ಮಂಚ, ಗಾದಿ, ಗ್ಯಾಸು, ಬಕೆಟ್ಟು ಎಲ್ಲ ಹೊಸದಾಗಿ ಕೂಡಿಸಬೇಕು. ವಾರಕ್ಕೆ ಐದು ರಾತ್ರಿ ಮಲಗೋದಕ್ಕೆ ಈ ವಯಸ್ಸಿನಲ್ಲಿ ಇನ್ನೊಂದು ಸಂಸಾರ ಹೂಡಬೇಕೇನು ಅನ್ನಿಸಿತು. ಆಗ ಕಚೇರಿಯ ಅಟೆಂಡರ್ ಹೇಳಿದ: "ಮೇಡಂ, ಬಸ್‌ಸ್ಟ್ಯಾಂಡಿಂದ ಹತ್ತು ಮಿನಿಟಿನ ದಾರ್‍ಯಾಗ ಒಬ್ರು ಕಾಕು ಅದಾರ್‍ರಿ. ಮ್ಯಾಲಿನ ಮನಿ ನಾಕು ಕ್ವಾಣಿ ಮಾಡಿ ನೌಕರಿ ಮಾಡೂ ಹೆಣ್ಮಕ್ಕಳಿಗೆ ಕೊಡ್ತಾರ. ಸಾಮಾನು ಸೈತ ಎಲ್ಲಾ ಐತ್ರಿ."

ಕಾಕುಗೆ 65 ದಾಟಿತ್ತು. ಯಜಮಾನರು ತೀರಿಕೊಂಡು ಆರು ವರ್ಷ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಪುಣೆ ಕಡೆ. ಚಾ ಕೊಟ್ಟು, ಊರು ಕೇಳಿ, ಮಕ್ಕಳೆಷ್ಟು ಕೇಳಿ, ಕೊನೆಗೆ "ನಿಮ್ಮ ಅಡ್ಡಹೆಸರು ಏನ್ರಿ?" ಅಂದರು. ಹೇಳಿದೆ. ಅವರ ಮುಖ ಸಡಿಲಾಯಿತು. ಆ ಪ್ರಶ್ನೆ ಯಾಕೆ ಬರುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನೂ ಧಾರವಾಡದ ನಮ್ಮ ಮನೆಯ ಮೇಲಿನ ಕೋಣೆಗಳನ್ನು ಬಾಡಿಗೆಗೆ ಕೊಡುವಾಗ ಅದನ್ನೇ ಕೇಳಿದವಳು. ಉತ್ತರ ಸರಿ ಬಿದ್ದಾಗ ಕೇಳಿದವರಿಗೂ ಹೇಳಿದವರಿಗೂ ಏನೂ ಅನ್ನಿಸೋದಿಲ್ಲ.

ಕೋಣೆ ಚೆನ್ನಾಗಿತ್ತು. ಕಟ್ಟಿಗೆಯ ಮಂಚ, ಹತ್ತಿಯ ಗಾದಿ, ಕಬ್ಬಿಣದ ತಿಜೋರಿ, ಮೇಜು, ಕುರ್ಚಿ, ಫ್ಯಾನು, ಗೋಡೆಗೆ ಕನ್ನಡಿ. ನಾಲ್ಕು ಕೋಣೆಗೂ ಸೇರಿ ಒಂದು ಅಡುಗೆಮನೆ, ಅಲ್ಲಿ ಗ್ಯಾಸು, ಫ್ರಿಜ್ಜು, ಮಿಕ್ಸರ್. ಎರಡು ಬಚ್ಚಲು. ಇಷ್ಟೊಂದು ಮಂಚ ಎಲ್ಲಿಂದ ಬಂದವು ಅಂತ ಕೇಳಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ನದಿದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತಲ್ಲ, ಆಗ ಕಾಕುವಿನ ತವರಿನವರು ಹದಿನಾಲ್ಕು ಮಂದಿ ಇದೇ ಮೇಲ್ಮನೆಯಲ್ಲಿ ಎರಡು ತಿಂಗಳು ಇದ್ದರಂತೆ. ಅವರಿಗಾಗಿ ಕೂಡಿಸಿದ ಸಾಮಾನುಗಳಿವು. ಅವರು ಊರಿಗೆ ಹೋದ ಮೇಲೆ ಖಾಲಿ ಮಂಚ ನೋಡಿ ಮಗಳೇ ಅಂದಳಂತೆ, "ಅವ್ವಾ, ಬಾಡಿಗಿ ಕೊಡು. ನಿನಗೂ ಮನ್ಯಾಗ ಮಂದಿ ಆದಂಗಾಕ್ಕೈತಿ."

"ಬಾಡಿಗಿ ಎಲ್ಲಾರಿಗೂ ಮೂರೂವರಿ ಸಾವಿರ. ನಿಮಗ ಮೂರು ಸಾವಿರ ಸಾಕು ಬಾಯಾರ" ಅಂದರು ಕಾಕು. ಯಾಕೆ ಅಂದೆ. "ನೀವು ಹಿರ್‍ಯಾರು ಅದೀರಿ, ಸರಕಾರಿ ನೌಕರಿ. ಮ್ಯಾಲ ಮೂರು ಹುಡುಗ್ಯಾರು ಅದಾವು. ಜರಾ ನಿಗಾ ಇಡ್ರಿ, ಅಷ್ಟ ಸಾಕು."

ಐನೂರು ಉಳೀತಲ್ಲ ಅಂತ ಖುಷಿಯೇ ಆಯಿತು. ಆ ರಾತ್ರಿ ಫೋನಿನಲ್ಲಿ ಮನೆಯವರಿಗೆ ಹೇಳಿದರೆ ಅವರು ನಕ್ಕರು. "ಅಲ್ಲೂ ನಿನಗ ಅವ್ವನ ನೌಕರೀನ ಕೊಟ್ರೇನು?"

ಮೂರು ಹುಡುಗಿಯರ ಹೆಸರು ಇಲ್ಲಿ ಬರೆಯೋದಿಲ್ಲ. ನಾವೂ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಮಂಡ್ಯದ ಹುಡುಗಿ ಬ್ಯಾಂಕಿನಲ್ಲಿ. ಬಂದ ಹೊಸದರಲ್ಲಿ ಅವಳಿಗೆ ನಮ್ಮ ಮಾತು ಅರ್ಥವಾಗುತ್ತಿರಲಿಲ್ಲ. "ಎರಡು ತಾಸು ಬಿಟ್ಟು ಬರ್‍ರಿ" ಅಂದ ಗಿರಾಕಿಯ ಮುಖವನ್ನೇ ನೋಡುತ್ತಿದ್ದಳಂತೆ. ಪುಂಡಿಪಲ್ಲೆ ಬಾಯಿಗಿಟ್ಟು ಕಣ್ಣು ಮುಚ್ಚಿದವಳು ಎರಡು ತಿಂಗಳಲ್ಲಿ ತಾನೇ ಸಂತೆಗೆ ಹೋಗಿ ಸೊಪ್ಪು ತರುವಂತಾದಳು. ಹಾವೇರಿಯ ಹುಡುಗಿ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ. ಕಬ್ಬಿನ ರಸದಲ್ಲಿ ಕರಗಿದ್ದೆಷ್ಟು, ಅದರಲ್ಲಿ ಸಕ್ಕರೆ ಎಷ್ಟು ಅಂತ ಗಂಟೆಗಂಟೆಗೂ ಅಳೆದು ಬರೆದಿಡೋ ಕೆಲಸ. ಸಿಂದಗಿಯ ಹುಡುಗಿ ನರ್ಸು, ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ. ತಿಂಗಳಲ್ಲಿ ಹದಿನೈದು ದಿನ ರಾತ್ರಿ ಪಾಳಿ. ಸಂಜೆ ಎಂಟಕ್ಕೆ ಹೋದರೆ ಬೆಳಿಗ್ಗೆ ಎಂಟಕ್ಕೆ ಬರೋಳು.

ಒಂದೇ ಮನೆಯಲ್ಲಿ ನಾಲ್ಕು ಮಂದಿ ಅಪರಿಚಿತರು ಇರೋದಕ್ಕೆ ಅದರದೇ ಲೆಕ್ಕಾಚಾರ ಬೇಕು. ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಒಂದು ಅಂತಸ್ತು. ಬಚ್ಚಲಿಗೆ ಸರದಿ: ಮೊದಲು ಬ್ಯಾಂಕು, ಆಮೇಲೆ ಕಚೇರಿ. ಗ್ಯಾಸ್ ಸಿಲಿಂಡರಿನ ದುಡ್ಡು ನಾಲ್ಕು ಪಾಲು. ಇದನ್ನೆಲ್ಲ ಬರೆಯೋದಕ್ಕೆ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರು. ಮನೆಯಲ್ಲಿ ಎಲ್ಲರ ತಾಟು ನಾನೇ ತೊಳೆದು ರೂಢಿಯಾದವಳು, ಮೊದಲ ವಾರ ಸಿಂಕಿನಲ್ಲಿದ್ದ ಅವರ ತಾಟನ್ನೂ ತೊಳೆದಿಟ್ಟೆ. ಹಾವೇರಿ ಹುಡುಗಿ ಮೆತ್ತಗೆ ಅಂದಳು, "ಆಂಟಿ, ನಮ್ಮ ತಾಟು ನೀವು ತೊಳದ್ರ ನಮಗ ನಾಚಿಕಿ ಆಕ್ಕೈತ್ರಿ. ಬಿಡ್ರಿ." ಆಮೇಲೆ ನನ್ನ ತಾಟನ್ನಷ್ಟೇ ತೊಳೆದು ಕೈ ಒರೆಸಿಕೊಂಡು ಕೋಣೆಗೆ ಹೋದರೆ ಎಂಟೂವರೆಗೇ ನನ್ನ ದಿನ ಮುಗಿದಿರುತ್ತಿತ್ತು. ಅಷ್ಟು ಹೊತ್ತು ಏನು ಮಾಡಬೇಕು ಅಂತ ತಿಳಿಯದೆ ಮಂಚದ ಮೇಲೆ ಸುಮ್ಮನೆ ಕೂತ ಸಂಜೆಗಳುಂಟು.

ಆಗಷ್ಟೇ ಗೃಹಜ್ಯೋತಿ ಯೋಜನೆ ಶುರುವಾಗಿತ್ತು. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ, ಗರಿಷ್ಠ 200 ಯೂನಿಟ್‌ವರೆಗೆ ಮನೆಯ ಕರೆಂಟು ಪುಕ್ಕಟೆ. ಬಾಡಿಗೆದಾರರಿಗೂ ಉಂಟು, ಆದರೆ ಒಬ್ಬರ ಹೆಸರಿಗೆ ಒಂದೇ ಮೀಟರು. ಕಾಕು ಕೆಳಗಿನ ಮೀಟರನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಮೇಲಿನದಕ್ಕೆ ನಮ್ಮಲ್ಲೊಬ್ಬರ ಆಧಾರ್ ಜೋಡಿಸಬೇಕು, ಜೊತೆಗೆ ಬಾಡಿಗೆ ಕರಾರು ತೋರಿಸಬೇಕು. ಆದರೆ ಕರಾರು ಅಂತ ಯಾರ ಹತ್ತಿರವೂ ಇರಲಿಲ್ಲ. "ಕಾಗದ ಯಾಕ ಬೇಕ್ರಿ ಬಾಯಾರ, ಮಾತಿನ ಮ್ಯಾಲ ನಡದೈತಿ" ಅಂದರು ಕಾಕು. ಪುಕ್ಕಟೆ ಕರೆಂಟಿನ ಲೆಕ್ಕ ಹೇಳಿದ ಮೇಲೆ ಒಪ್ಪಿದರು. ಬರೆಯೋ ಕೆಲಸ ನನಗೇ ಬಂತು. ಇಷ್ಟು ವರ್ಷ ಕಡತ ಬರೆದ ಕೈ.

ಹನ್ನೊಂದು ತಿಂಗಳ ಕರಾರು, ನಾಲ್ಕು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಬರೆದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಉಪನೋಂದಣಿ ಕಚೇರಿಗೆ ಹೋಗಿ ನೋಂದಾಯಿಸಬೇಕು. ಆ ತಿರುಗಾಟ ಬೇಡ ಅಂತಲೇ ಎಲ್ಲ ಊರಲ್ಲೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಬಿಡುವವರು, ಬಿಡಿಸುವವರು ಯಾರೇ ಆಗಲಿ ಒಂದು ತಿಂಗಳು ಮೊದಲು ತಿಳಿಸಬೇಕು ಅಂತ ಬರೆದೆ. ಮುಂಗಡ ಹತ್ತು ಸಾವಿರ ಅಂತ ಬರೆದೆ. ಸಾಮಾನು ಸಮೇತ ಕೊಡುವ ಕೋಣೆಯಾದ್ದರಿಂದ ಪ್ರತಿ ಕರಾರಿಗೂ ಒಂದು ಪಟ್ಟಿ ಲಗತ್ತಿಸಿದೆ. ಮಂಚ 1, ಕಾಲು ಸ್ವಲ್ಪ ಅಲುಗಾಡುತ್ತದೆ. ತಿಜೋರಿ 1, ಕೆಳಗಿನ ಬೀಗ ಇಲ್ಲ. ಸಿಂದಗಿ ಹುಡುಗಿಯ ಕೋಣೆಯ ಕನ್ನಡಿಯ ಮೂಲೆ ಸೀಳಿತ್ತು. ಕಾಕು ಬಾಗಿಲಲ್ಲೇ ನಿಂತು, "ಹೊಳಿ ಬಂದಾಗ ಒಡದದ್ದು ಅದು, ಹುಡುಗ್ರು ಚೆಂಡ ಆಡಿ" ಅಂದರು. ಅದನ್ನೂ ಬರೆದೆ. ಪಟ್ಟಿಯ ಕೆಳಗೆ ಇಬ್ಬರ ಸಹಿ. ಆಗ ಇದೆಲ್ಲ ಕಚೇರಿ ಅಭ್ಯಾಸದಿಂದ ಮಾಡಿದ್ದು, ಮುಂದೆ ಕೆಲಸಕ್ಕೆ ಬರುತ್ತದೆ ಅಂತ ಅಲ್ಲ.

ದೀಪಾವಳಿ ಹೊತ್ತಿಗೆ ಕಬ್ಬಿನ ಹಂಗಾಮು ಶುರುವಾಯಿತು. ಮುಧೋಳ, ಜಮಖಂಡಿ, ಬೀಳಗಿ ಕಡೆಯವರಿಗೆ ಇದು ಗೊತ್ತಿದ್ದದ್ದೇ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಮೇಲೆ ಜೋರಾಗಿ ಹಾಡು, ರಸ್ತೆ ತುಂಬ ಕಬ್ಬಿನ ಸಾಲು. ಗಾಳಿ ತಿರುಗಿದ ದಿನ ಕಾಕಂಬಿಯ ವಾಸನೆ, ಮಾಳಿಗೆ ಮೇಲೆ ಒಣಹಾಕಿದ ಬಟ್ಟೆಗೆ ಕರಿ ಬೂದಿ. ಕಡಿದ ಕಬ್ಬು ತಡವಾದಷ್ಟೂ ಸಕ್ಕರೆ ಇಳಿಯುತ್ತದೆ, ಅದಕ್ಕೇ ಕಾರ್ಖಾನೆ ಹಗಲು ರಾತ್ರಿ ನಿಲ್ಲೋದಿಲ್ಲ ಅಂತ ಹಾವೇರಿ ಹುಡುಗಿ ಹೇಳಿದಳು. ಐದೂವರೆಗೆ ಬರುತ್ತಿದ್ದವಳು ಒಂಬತ್ತೂವರೆಗೆ, ಒಮ್ಮೊಮ್ಮೆ ಹತ್ತಕ್ಕೆ ಬರತೊಡಗಿದಳು. ಕಾರ್ಖಾನೆಯ ಜೀಪು ಬಾಗಿಲಿಗೆ ಬಿಟ್ಟು ಹೋಗುತ್ತಿತ್ತು.

ಸಿಂದಗಿ ಹುಡುಗಿಗೂ ಅದೇ ತಿಂಗಳಲ್ಲಿ ಕೆಲಸ ಹೆಚ್ಚಾಯಿತು. ಆಸ್ಪತ್ರೆಯಲ್ಲಿ ಇನ್ನೊಬ್ಬ ನರ್ಸು ಕೆಲಸ ಬಿಟ್ಟಿದ್ದಳು. ಹಗಲು ಪಾಳಿಯ ವಾರದಲ್ಲೂ ತುರ್ತು ಹೆರಿಗೆ ಬಂತೆಂದರೆ ರಾತ್ರಿ ಒಂದು ಗಂಟೆಗೆ ಫೋನು. ಆಸ್ಪತ್ರೆ ಗಾಡಿ ಬಂದು ಕರೆದೊಯ್ಯೋದು, ನಾಲ್ಕಕ್ಕೆ ತಂದು ಬಿಡೋದು. ಮುಧೋಳ ನಾಯಿ ಅಂದರೆ ಜಗತ್ತಿಗೇ ಹೆಸರಾದ ಬೇಟೆ ನಾಯಿ. ನಮ್ಮ ಓಣಿಯಲ್ಲಿದ್ದವೆಲ್ಲ ಬರೀ ಬೊಗಳೋ ಬೀದಿ ನಾಯಿಗಳು. ಗಾಡಿ ಬಂದದ್ದು ಇಡೀ ಓಣಿಗೆ ಗೊತ್ತಾಗುತ್ತಿತ್ತು.

ನಾನು ದಿನಾ ಸಂಜೆ ಕಚೇರಿಯಿಂದ ಬರುವಾಗ ಕಾಕು ಕಟ್ಟೆ ಮೇಲೆ ಕೂತಿರುತ್ತಿದ್ದರು. ಚಾ ಆಗುತ್ತಿತ್ತು, ಮಾತಾಗುತ್ತಿತ್ತು. "ಮ್ಯಾಲ ಎಲ್ಲಾ ಆರಾಮ ಅದಾರಿಲ್ರಿ?" ಅಂದರೆ ನಾನು ಹೇಳುತ್ತಿದ್ದೆ. ಮಂಡ್ಯದಾಕೆ ಫೋನಿನಾಗ ಭಾಳ ಮಾತಾಡ್ತಾಳ. ಹಾವೇರಿಯಾಕಿ ನಿನ್ನೆ ಹತ್ತಕ್ಕ ಬಂದ್ಲು. ಸಿಂದಗಿಯಾಕಿಗೆ ಒಂದು ಗಂಟೆಗೆ ಗಾಡಿ ಬಂದಿತ್ತು, ನಾಕಕ್ಕ ಬಂದ್ಲು. ಇದು ಚಾಡಿ ಅಂತ ನನಗೆ ಅನ್ನಿಸಲೇ ಇಲ್ಲ. ಹಿರಿಯಳಾಗಿ ಕಾಳಜಿಯಿಂದ ಹೇಳೋದು ಅಂತಲೇ ತಿಳಿದಿದ್ದೆ. ಈಗ ಯೋಚಿಸಿದರೆ, ಒಬ್ಬ ಹುಡುಗಿಗೂ "ಊಟ ಆಯ್ತೇನವಾ" ಅಂತ ಕೇಳುವಷ್ಟು ಹೊತ್ತನ್ನು ನಾನು ಆ ಕಟ್ಟೆಯ ಮೇಲೆ ಕಳೆದಿದ್ದೆ.

ಊಟ ಆಯ್ತೇನು ಅಂತ ಕೇಳುತ್ತಿದ್ದವಳು ಸಿಂದಗಿ ಹುಡುಗಿಯೇ. ನವೆಂಬರಿನಲ್ಲಿ ಒಂದು ಭಾನುವಾರ, ನಾನು ಊರಿಗೆ ಹೋಗದ ವಾರ, ತಲೆ ಸುತ್ತುತ್ತದೆ ಅಂದೆ. ಬಿಪಿ ಮಾಪಕ ತಂದು ನೋಡಿದಳು. 160, 100. "ಆಂಟಿ, ಇದನ್ನ ಹಂಗ ಬಿಡಬಾರ್ದ್ರಿ" ಅಂದು, ಮರುದಿನ ತಾನೇ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಗುಳಿಗೆ ಶುರುವಾಯಿತು. ಉಪ್ಪಿನಕಾಯಿ ಡಬ್ಬಿಯನ್ನು ನನ್ನ ಅಂತಸ್ತಿನಿಂದ ಎತ್ತಿ ಮೇಲಿಟ್ಟಳು. ರಾತ್ರಿ ಪಾಳಿ ಮುಗಿಸಿ ಬಂದವಳು ಮಲಗೋ ಮೊದಲು ನನ್ನ ಬಾಗಿಲು ಬಡಿದು, "ಗುಳಿಗಿ ತಗೊಂಡ್ರಿ?" ಅಂತ ಕೇಳಿಯೇ ಹೋಗುತ್ತಿದ್ದಳು. ಇಷ್ಟಾದರೂ ಕಟ್ಟೆಯ ಮೇಲಿನ ಮಾತು ನಿಲ್ಲಲಿಲ್ಲ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಲೇ ಇಲ್ಲ ನಾನು.

ಸಂಕ್ರಾಂತಿಯ ಮರುದಿನ ಕಾಕು ಕುಸುರೆಳ್ಳು ಕೊಟ್ಟು ಕೂರಿಸಿಕೊಂಡರು. ದನಿ ಇಳಿಸಿ ಅಂದರು: "ಬಾಯಾರ, ಆ ನರ್ಸ್ ಹುಡುಗಿಗೆ ಕ್ವಾಣಿ ಬಿಡು ಅಂತ ಹೇಳಬೇಕಾಗೇತಿ. ಓಣ್ಯಾಗ ಮಂದಿ ಮಾತಾಡ್ತಾರ. ರಾತ್ರಿ ಒಂದಕ್ಕ ಗಾಡಿ ಬರ್ತೈತಿ, ನಾಕಕ್ಕ ಬರ್ತೈತಿ. ನಾ ಒಬ್ಬಾಕಿ ಹೆಂಗಸು, ಯಾರಿಗಂತ ಉತ್ತರಾ ಕೊಡ್ಲಿ? ನಾ ಹೇಳಿದ್ರ ಜಗಳ ಆಕ್ಕೈತಿ. ನೀವ ಹೇಳಿಬಿಡ್ರಿ. ನೀವು ಹೇಳಿದ್ದಕ್ಕ ಅಲ್ಲ ನನಗೂ ಎಲ್ಲಾ ಗೊತ್ತಾಗಿದ್ದು."

"ಆಕಿಗೆ ನೈಟ್ ಡ್ಯೂಟಿ ಐತಿ ಅಂತ ಮೊದಲ ಗೊತ್ತಿತ್ತಲ್ರಿ ಕಾಕು" ಅಂದೆ. "ಗೊತ್ತಿತ್ತು. ಡಾಕ್ಟರು ಫೋನ್ ಮಾಡಿ ಹೇಳಿದ್ರಂತ ಕೊಟ್ಟೆ. ಇಲ್ಲಾಂದ್ರ ಆ ಪೈಕಿಯವರಿಗೆ ನಾ ಎಲ್ಲಿ ಕೊಡ್ತಿದ್ದೆ ಬಿಡ್ರಿ" ಅಂದರು.

ಆಗ ಹೊಳೆಯಿತು. ಹಾವೇರಿ ಹುಡುಗಿಯೂ ರಾತ್ರಿ ಹತ್ತಕ್ಕೆ ಜೀಪಿನಲ್ಲಿ ಬರುತ್ತಾಳೆ. ಅದನ್ನೂ ನಾನು ಇದೇ ಕಟ್ಟೆಯ ಮೇಲೆ ಹೇಳಿದ್ದೆ. "ಪಾಪ, ಹಂಗಾಮ ಐತಲ್ರಿ" ಅಂತ ಕಾಕು ಅಂದಿದ್ದರು. ಅವಳ ಅಡ್ಡಹೆಸರು ಕಾಕುಗೆ ಮೊದಲೇ ಸರಿ ಬಿದ್ದಿತ್ತು.

ಇಷ್ಟು ಹೊಳೆದರೂ ನಾನು ಅಲ್ಲಿ ಏನೂ ಅನ್ನಲಿಲ್ಲ. ಕುಸುರೆಳ್ಳು ಕೈಯಲ್ಲಿ ಹಿಡಿದು ಮೇಲೆ ಬಂದೆ. ಹೇಳೋದಕ್ಕೇ ಬಂದೆ ಅನ್ನೋದನ್ನು ಮುಚ್ಚಿಡೋದಿಲ್ಲ. ಮೆತ್ತಗೆ ಹೇಳಿದರಾಯಿತು, ಬೇರೆ ಕೋಣೆ ನಾನೇ ಹುಡುಕಿಕೊಟ್ಟರಾಯಿತು ಅಂತ ಮೆಟ್ಟಿಲು ಹತ್ತುವಾಗ ಲೆಕ್ಕ ಹಾಕಿದ್ದೆ.

ಅವಳು ಹಿಂದಿನ ರಾತ್ರಿಯ ಪಾಳಿ ಮುಗಿಸಿ ಮಲಗಿದ್ದವಳು, ಆಗಷ್ಟೇ ಎದ್ದಿದ್ದಳು. ನನ್ನ ಮುಖ ನೋಡಿ ಬಿಪಿ ಮಾಪಕಕ್ಕೆ ಕೈ ಹಾಕಿದಳು. "ಅದಕ್ಕಲ್ಲವಾ" ಅಂದೆ. ಅವಳ ಕೈ ಅಲ್ಲೇ ನಿಂತಿತು. "ಕಾಕು ಕಳಿಸ್ಯಾರೇನ್ರಿ ಆಂಟಿ?"

ನನಗೆ ಮಾತು ಹೊರಡಲಿಲ್ಲ.

"ನೀವು ಕೆಳಗ ಹೇಳೂದು ನನಗ ಗೊತ್ತೈತ್ರಿ" ಅಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಅದೇ ತಡೆಯೋದಕ್ಕೆ ಆಗಲಿಲ್ಲ. "ಈ ಊರಿಗೆ ಬಂದ ಮ್ಯಾಲ ಇದು ಮೂರನೇ ಮನಿ. ಪ್ರತಿ ಮನ್ಯಾಗೂ ಯಾರೋ ಒಬ್ರು ಇರ್ತಾರ್‍ರಿ. ನೀವು ಹಂಗಂತ ಕೆಟ್ಟವರಲ್ಲ."

ಪ್ರತಿ ಮನೆಯಲ್ಲೂ ಒಬ್ಬರು. ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ನೆನಪಾದದ್ದು ಧಾರವಾಡದ ನಮ್ಮ ಮನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋದಕ್ಕೆ ಎಲ್ಲೆಲ್ಲಿಂದಲೋ ಮಕ್ಕಳು ಧಾರವಾಡಕ್ಕೆ ಬರುತ್ತಾರೆ, ಕೋಚಿಂಗು, ಓದೋ ಕೋಣೆ ಅಂತ ಊರು ತುಂಬ ಅವರೇ. ನಮ್ಮ ಮೇಲಿನ ಎರಡು ಕೋಣೆಯಲ್ಲೂ ಹುಡುಗಿಯರಿದ್ದಾರೆ. ಗೇಟಿಗೆ ರಾತ್ರಿ ಒಂಬತ್ತಕ್ಕೆ ಬೀಗ, ಅದು ನನ್ನ ಕಾನೂನು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ ಓದೋ ಕೋಣೆಯಿಂದ ಹತ್ತೂವರೆಗೆ ಬರುತ್ತಾಳೆ ಅಂತ ಪಕ್ಕದ ಮನೆಯವರು ಹೇಳಿದ್ದರು. ತಿಂಗಳ ಕೊನೆಗೆ ಬಿಡಿಸಿದೆ. ಆಗ ಅವಳ ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು. ಎಲ್ಲಿಗೆ ಹೋಗ್ತೀ ಅಂತಲೂ ನಾನು ಕೇಳಿರಲಿಲ್ಲ.

ಮರುದಿನ ಸಂಜೆ ಕಟ್ಟೆಯ ಮೇಲೆ ಕೂತೆ. ಎರಡೂವರೆ ಸಾವಿರ ರೂಪಾಯಿ ಕಾಕುವಿನ ಮುಂದಿಟ್ಟೆ. ಸೆಪ್ಟೆಂಬರಿನಿಂದ ಜನವರಿವರೆಗೆ, ಐದು ತಿಂಗಳು, ಐನೂರರಂತೆ. "ನಾನೂ ಎಲ್ಲಾರಂಗ ಮೂರೂವರಿ ಸಾವಿರ ಕೊಡ್ತೀನ್ರಿ ಕಾಕು. ಮ್ಯಾಲಿನ ಸುದ್ದಿ ಇನ್ನ ನನ್ನ ಕೇಳಬ್ಯಾಡ್ರಿ. ಆ ಹುಡುಗಿಗೆ ನಾ ಹೇಳೂದಿಲ್ಲ. ಕರಾರಿನ್ಯಾಗ ರಾತ್ರಿ ಕೆಲಸ ಮಾಡಬಾರ್ದು ಅಂತ ಎಲ್ಲೂ ಇಲ್ಲ, ನಾನ ಬರದೀನಿ. ಮಂದಿ ಕೇಳಿದ್ರ ನನ್ನ ಕಡೆ ಕಳಸ್ರಿ. ಹೆರಿಗಿ ಮಾಡಿಸಾಕ ಹೋಗ್ಯಾಳಂತ ನಾ ಹೇಳ್ತೀನಿ."

ಕಾಕು ದುಡ್ಡು ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ, "ನೀವು ಎರಡು ವರ್ಷಕ್ಕ ಹೋಗಾವ್ರು ಬಾಯಾರ. ನಾ ಈ ಓಣ್ಯಾಗ ಸಾಯಾಕಿ" ಅಂದು ಒಳಗೆ ಹೋದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರ ಮಾತ್ರೆ, ಸಂತೆ, ದೇವರ ಕಾರ್ಯ ಎಲ್ಲ ನಡೆಯೋದು ನಮ್ಮ ನಾಲ್ವರ ಬಾಡಿಗೆಯಿಂದ. ಜ್ವರ ಬಂದರೆ ಗಂಜಿ ತಂದುಕೊಡೋದು ಎದುರು ಮನೆಯವರು, ಪುಣೆಯ ಮಗಳಲ್ಲ. ಆ ಎದುರು ಮನೆಯವರೇ ಮಾತಾಡುತ್ತಿದ್ದರು. ಕಾಕುವಿನ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಆದರೆ ಅದರ ಬೆಲೆಯನ್ನು ಸಿಂದಗಿ ಹುಡುಗಿ ಯಾಕೆ ಕೊಡಬೇಕು ಅನ್ನೋದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಎಲ್ಲ ಸುಖಾಂತವಾಯಿತು ಅಂತ ಬರೆಯಲಾರೆ. ಹದಿನೈದು ದಿನ ಕಾಕು ನನ್ನ ಜೊತೆ ಮಾತು ಬಿಟ್ಟರು. ಜನವರಿ ಕೊನೆಗೆ ಸಿಂದಗಿ ಹುಡುಗಿಯೇ ಒಂದು ತಿಂಗಳ ನೋಟೀಸು ಕೊಟ್ಟಳು. ವಿಜಯಪುರದಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು, ಅಲ್ಲಿ ನರ್ಸುಗಳಿಗೆ ಹಾಸ್ಟೆಲ್ ಇದೆಯಂತೆ. "ಇಲ್ಲಿರೂದಾಗಿದ್ರ ಇರಬಹುದಿತ್ತು ಆಂಟಿ, ನಿಮ್ಮ ಮಾತಿಂದ. ಆದ್ರ ದಿನಾ ಗೇಟ್ ತಗಿಯೂ ಮುಂದ ಎದಿ ಹೊಡಕೊಂಡ್ರ ಹೆಂಗ್ರಿ?" ಅಂದಳು.

ಫೆಬ್ರುವರಿ ಕೊನೆಯ ದಿನ ಸಾಮಾನು ಕಟ್ಟಿದಳು. ಕಾಕು ಮೇಲೆ ಬಂದು ಕೋಣೆ ನೋಡಿ, ಕನ್ನಡಿ ಒಡೆದಿದೆ, ಮುಂಗಡದಲ್ಲಿ ಒಂದೂವರೆ ಸಾವಿರ ಹಿಡಿಯುತ್ತೇನೆ ಅಂದರು. ಹುಡುಗಿ ಸುಮ್ಮನೆ ತಲೆ ಅಲ್ಲಾಡಿಸಿದಳು, ಹಿಂದಿನ ಎರಡು ಮನೆಯಲ್ಲೂ ಹೀಗೇ ಕಳೆದುಕೊಂಡು ರೂಢಿಯಾದವರ ಹಾಗೆ. ನಾನು ನನ್ನ ಕೋಣೆಗೆ ಹೋಗಿ ಪಟ್ಟಿಯ ಪ್ರತಿ ತಂದೆ. "ಕನ್ನಡಿ 1, ಮೂಲೆ ಸೀಳಿದೆ." ಕೆಳಗೆ ಕಾಕುವಿನ ಸಹಿ. "ಹೊಳಿ ಬಂದಾಗ ಒಡದದ್ದಲ್ರಿ ಕಾಕು, ಹುಡುಗ್ರು ಚೆಂಡ ಆಡಿ" ಅಂದೆ. ಕಾಕು ಕಾಗದ ನೋಡಿದರು, ಕನ್ನಡಿ ನೋಡಿದರು. "ಹೌದವಾ, ಮರತಿದ್ದೆ" ಅಂದರು. ಮರೆತದ್ದೋ ಅಲ್ಲವೋ ನಾನು ಕೆದಕಲಿಲ್ಲ. ಪೂರ್ತಿ ಹತ್ತು ಸಾವಿರ ಎಣಿಸಿ ಕೊಟ್ಟರು. ಹುಡುಗಿ ಬಗ್ಗಿ ಅವರ ಕಾಲು ಮುಟ್ಟಿದಳು. ಕಾಕು ಒಂದು ಗಳಿಗೆ ಹಿಂಜರಿದು, ಆಮೇಲೆ ಅವಳ ತಲೆ ಮೇಲೆ ಕೈ ಇಟ್ಟರು.

ಸಾಮಾನು ಸಮೇತ ಕೋಣೆ ಹಿಡಿಯೋ ಹೆಣ್ಣುಮಕ್ಕಳಿಗೆ ಅಂತ ಇಷ್ಟು ಹೇಳಬಲ್ಲೆ. ಒಳಗೆ ಕಾಲಿಟ್ಟ ದಿನವೇ ಪಟ್ಟಿ ಬರೆಯಿರಿ. ಅಲುಗಾಡೋ ಮಂಚ, ಸೀಳಿದ ಕನ್ನಡಿ, ಓಡದ ಫ್ಯಾನು ಎಲ್ಲ ಬರಲಿ, ಮೊಬೈಲಿನಲ್ಲಿ ಫೋಟೋ ಇರಲಿ. ಮುಂಗಡ ಬ್ಯಾಂಕಿನ ಮೂಲಕವೇ ಹೋಗಲಿ. ನಿಮ್ಮ ಪಾಳಿ ಯಾವುದು, ಯಾವ ಗಾಡಿ ಬರುತ್ತದೆ ಅನ್ನೋದನ್ನು ಕರಾರಿನಲ್ಲೇ ಬರೆಸಿ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ, ಮಾಲೀಕರು ಒಳಗೆ ಬರಬೇಕಾದರೆ 24 ಗಂಟೆ ಮೊದಲು ತಿಳಿಸಬೇಕು ಅಂತ ಇದೆ. ಅದು ಮಾದರಿ ಮಾತ್ರ, ಜಾರಿಗೆ ತರೋದು ರಾಜ್ಯಗಳಿಗೆ ಬಿಟ್ಟದ್ದು. ಆದರೂ ಕರಾರು ಬರೆಯುವಾಗ ಆ ಎರಡು ಮಾತು ಮುಂದಿಟ್ಟು ಕೇಳೋದಕ್ಕೆ ಅಡ್ಡಿಯಿಲ್ಲ.

ಕೊಡುವವರಿಗೆ ಹೇಳೋದಕ್ಕೆ ನನಗೆ ಅಷ್ಟು ಧೈರ್ಯವಿಲ್ಲ, ನಾನೂ ಅವರಲ್ಲೊಬ್ಬಳು. ಆ ಶನಿವಾರ ಧಾರವಾಡಕ್ಕೆ ಹೋದಾಗ ಗೇಟಿನ ಬೀಗಕ್ಕೆ ಇನ್ನೂ ನಾಲ್ಕು ಕೀಲಿ ಮಾಡಿಸಿ ಮೇಲಿನ ಹುಡುಗಿಯರಿಗೆ ಒಂದೊಂದು ಕೊಟ್ಟೆ. "ಓದಿ ಬರೂದು ತಡಾ ಆದ್ರ ತಗೊಂಡು ಬರ್‍ರಿ" ಅಂದೆ. ಅವರು ನಂಬಲಿಲ್ಲ, ಒಬ್ಬಳ ಮುಖ ಒಬ್ಬಳು ನೋಡಿಕೊಂಡರು. ಮನೆಯವರು, "ಪಕ್ಕದ ಮನಿಯವರು ಕೇಳಿದ್ರ?" ಅಂದರು. "ನನ್ನ ಕಡೆ ಕಳಸ್ರಿ" ಅಂದೆ. ಹಿಂದೆ ಬಿಡಿಸಿ ಕಳಿಸಿದ ಹುಡುಗಿಯ ನಂಬರು ಹಳೇ ಫೋನಿನಲ್ಲಿತ್ತು. ಮಾಡಿದೆ. ಅದು ಈಗ ಬೇರೆ ಯಾರದೋ.

ಏಪ್ರಿಲಿನಲ್ಲಿ ಮುಧೋಳದ ಆ ಕೋಣೆಗೆ ಹೊಸ ಹುಡುಗಿ ಬಂದಳು, ಕಂಪ್ಯೂಟರ್ ಆಪರೇಟರ್. ಕಾಕು ಅವಳಿಗೆ ಚಾ ಕೊಟ್ಟು, ಊರು ಕೇಳಿ, ಮುಂದಿನ ಪ್ರಶ್ನೆಗೆ ಬಾಯಿ ತೆರೆದವರು ನನ್ನ ಕಡೆ ನೋಡಿದರು. ಆಮೇಲೆ, "ಜ್ವಾಳದ ರೊಟ್ಟಿ ಮಾಡಾಕ ಬರ್ತೈತೇನವಾ?" ಅಂದರು. ಬರೋದಿಲ್ಲ ಅಂದಳು ಹುಡುಗಿ. ನಾನು ಅವಳ ಕೈಗೆ ಕಾಗದ, ಪೆನ್ನು ಕೊಟ್ಟು ಮೇಲೆ ಕರೆದುಕೊಂಡು ಹೋದೆ. "ಮೊದಲ ಕನ್ನಡಿ ಬರಿ" ಅಂದೆ.